ಹಸುಗೂಸಿನ ಬಾಯಿಯ ಮುತ್ತುಗಳು



ಮನೆಯಲ್ಲಿ ಮಗುವೊಂದು ಹುಟ್ಟಿತೆಂದರೆ ನೋಡಲು ಬಂದವರೆಲ್ಲರೂ ಪರೀಕ್ಷಕರೇ. ಕಣ್ಣು ಅಜ್ಜನದು, ಮೂಗು ತಾಯಿಯದು, ಬಣ್ಣ ಮಾತ್ರ ಯಾರದೋ ತಿಳಿಯದು ಎಂದು ಒಬ್ಬೊಬ್ಬರೂ ಒಂದೊಂದು ತೀರ್ಪನ್ನು ಕೊಟ್ಟು ಹೋಗುತ್ತಾರೆ. ಬಾಯಿಯ ಒಳಗನ್ನು ಮಾತ್ರ ಹೆಚ್ಚು ಮಂದಿ ನೋಡುವುದಿಲ್ಲ. ನಾಲ್ಕು ದಿನ ಕಳೆದು, ನೀರೆರೆಯುವಾಗಲೋ ಹಾಲೂಡಿಸುವಾಗಲೋ ಮಗು ಬಾಯಗಲಿಸಿ ಅತ್ತಾಗ, ಎಳೆಯ ವಸಡಿನ ಮೇಲೆ ಅಕ್ಕಿಯ ನುಚ್ಚಿನಂಥ ಬಿಳಿಯ ಕಾಳೊಂದು ಕಣ್ಣಿಗೆ ಬೀಳುತ್ತದೆ. ಅಲ್ಲಿಂದ ಮುಂದೆ ಆ ಮನೆಯಲ್ಲಿ ಯಾರಿಗೂ ನೆಮ್ಮದಿಯಿಲ್ಲ. ಈ ಹೊತ್ತು ನಾನು ಹೇಳಬೇಕೆಂದಿರುವುದು ಆ ಬಿಳಿಯ ಕಾಳಿನ ವಿಷಯವನ್ನು. ಅದರ ಜೊತೆಗೆ, ಹಸುಗೂಸಿನ ಬಾಯಿಯಲ್ಲಿ ಕಾಣಬರುವ ಇನ್ನೆರಡು ಮೂರು ನಿರುಪದ್ರವಿಯಾದ ಬೆಳೆವಣಿಗೆಗಳ ವಿಷಯವನ್ನು.

ಬೆಂಗಳೂರಿನಲ್ಲಿ ವಾಸವಾಗಿರುವ ಎಷ್ಟೋ ಸಂಸಾರಗಳಿಗೆ ನಂದಿಬೆಟ್ಟದ ಆಚೆಯ ಸೀಮೆಯೇ ತವರು. 2007ರಲ್ಲಿ ಕೋಲಾರದಿಂದ ಬೇರೆಯಾಗಿ ಜಿಲ್ಲೆಯೆನಿಸಿಕೊಂಡ ಚಿಕ್ಕಬಳ್ಳಾಪುರ, ಅದಕ್ಕೆ ಸೇರಿದ ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಈ ಊರುಗಳ ಹೆಣ್ಣುಮಕ್ಕಳು ಪಟ್ಟಣದಲ್ಲಿ ಸಂಸಾರ ಹೂಡಿದ್ದರೂ, ಚೊಚ್ಚಲ ಹೆರಿಗೆಗೆ ತಾಯಿಯ ಮನೆಗೆ ಹೋಗುವುದು ಇಂದಿಗೂ ಉಂಟು. ಆದುದರಿಂದ ಶಿಡ್ಲಘಟ್ಟದ ಒಂದು ಮನೆಯನ್ನು ನೀವು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಬೇಕು. ನಡುಮನೆಯ ಒಂದು ಮಗ್ಗುಲಿಗೆ ಬಾಣಂತಿಯ ಕೋಣೆ. ಹಿತ್ತಿಲ ಕಡೆಗೆ ರೇಷ್ಮೆಹುಳು ಸಾಕುವ ಮನೆ. ಮಗುವಿಗೆ ಎಂಟು ದಿನ.

“ಅಮ್ಮಾ, ಇಲ್ಲಿ ನೋಡು. ಮಗುವಿಗೆ ಆಗಲೇ ಹಲ್ಲು ಬಂದಿದೆಯಲ್ಲ!” ಎನ್ನುತ್ತಾಳೆ ಮಗಳು.

“ಹಲ್ಲೇನೇ? ಇಷ್ಟು ಬೇಗ ಹಲ್ಲು ಬಂದರೆ ಸೋದರಮಾವನಿಗೆ ಆಗುವುದಿಲ್ಲ ಕಣೇ” ಎಂದು ತಾಯಿ ಗಾಬರಿಗೊಳ್ಳುತ್ತಾಳೆ.

“ಹಲ್ಲೂ ಅಲ್ಲ, ಏನೂ ಅಲ್ಲ, ಹಾಲು ಗಂಟು ಕಟ್ಟಿದೆ ಕಣಮ್ಮ. ಬಟ್ಟೆಗೆ ಉಪ್ಪು ತಗುಲಿಸಿ ತಿಕ್ಕಿದರೆ ಉದುರಿಹೋಗುತ್ತದೆ” ಎನ್ನುತ್ತಾಳೆ ನೆರೆಮನೆಯ ಹಿರಿಯಾಕೆ.

ಅಷ್ಟರಲ್ಲಿ ಬೆಂಗಳೂರಿನಿಂದ ಅಳಿಯಂದಿರು ದೂರವಾಣಿಯಲ್ಲಿ ಮಾತನಾಡಿ, ತಾವು ಎಲ್ಲಿಯೋ ಓದಿದ ದೊಡ್ಡ ರೋಗವೊಂದರ ಹೆಸರನ್ನು ಹೇಳಿ, ಎಲ್ಲರನ್ನೂ ಇನ್ನಷ್ಟು ಹೆದರಿಸುತ್ತಾರೆ. ಈ ನಾಲ್ವರಲ್ಲಿ ಮಗುವಿನ ಮೇಲೆ ಪ್ರೀತಿಯಿಲ್ಲದವರು ಒಬ್ಬರೂ ಇಲ್ಲ. ಆದರೆ ಆ ಮಗುವಿಗೆ ಈಗ ಬಂದಿರುವ ಅಪಾಯವು ಬಿಳಿಯ ಕಾಳಿನಿಂದ ಬಂದುದಲ್ಲ, ಈ ಪ್ರೀತಿಯ ಕೈಗಳಿಂದ ಬರಬಹುದಾದುದು.

ಹಾಗಾದರೆ ಆ ಕಾಳು ಯಾವುದು? ಬಾಯಿಯ ಯಾವ ಭಾಗದಲ್ಲಿದೆಯೆಂಬುದನ್ನು ನೋಡಿ ವೈದ್ಯರು ಇದನ್ನು ಮೂರು ವಿಧವಾಗಿ ವಿಂಗಡಿಸುತ್ತಾರೆ. ಅಂಗುಳಿನ ನಟ್ಟನಡುವೆ, ಹಿಂದಿನಿಂದ ಮುಂದಕ್ಕೆ ಬರುವ ಗೆರೆಯ ಮೇಲೆ ಕಾಣುವುವು ಒಂದು ವಿಧ. ಇವಕ್ಕೆ ಎಪ್‌ಸ್ಟೀನ್ ಮುತ್ತುಗಳೆಂದು ಹೆಸರು. ಪ್ರಾಗ್ ನಗರದ ಮಕ್ಕಳ ವೈದ್ಯರಾಗಿದ್ದ ಅಲೋಯಿಸ್ ಎಪ್‌ಸ್ಟೀನ್ ಎಂಬವರು 1880ರಲ್ಲಿ ಇವನ್ನು ವಿವರಿಸಿದರು. ವಸಡಿನ ಹೊರಮಗ್ಗುಲಲ್ಲಿ ಅಥವಾ ಒಳಮಗ್ಗುಲಲ್ಲಿ, ಮತ್ತು ಅಂಗುಳಿನ ನಡುಗೆರೆಯಿಂದ ದೂರಕ್ಕೆ ಕಾಣುವುವು ಎರಡನೆಯ ವಿಧ. ಎಪ್‌ಸ್ಟೀನರಿಗಿಂತ ಮೊದಲೇ, 1866ರಲ್ಲಿ, ಹೈನ್ರಿಖ್ ಬೋನ್ ಎಂಬವರು ಇವನ್ನು ವರ್ಣಿಸಿದುದರಿಂದ ಬೋನ್ ಗಂಟುಗಳೆಂದು ಕರೆಯುತ್ತಾರೆ. ವಸಡಿನ ಏಣಿನ ಮೇಲೆಯೇ, ಮುಂದೆ ಹಲ್ಲು ಮೂಡಬೇಕಾದ ಸ್ಥಳದಲ್ಲಿಯೇ ಕಾಣುವುವು ಮೂರನೆಯ ವಿಧ. ಹಲ್ಲೆಂದು ಮನೆಯವರು ಭ್ರಮಿಸುವುದು ಸಾಮಾನ್ಯವಾಗಿ ಈ ಮೂರನೆಯದನ್ನು.

ಹೆಸರು ಮೂರಾದರೂ ಸ್ವಭಾವ ಒಂದೇ. ಗಾತ್ರದಲ್ಲಿ ಇವು 1ರಿಂದ 3 ಮಿಲಿಮೀಟರುಗಳಷ್ಟು, ಎಂದರೆ ರಾಗಿಯ ಕಾಳಿನಿಂದ ಹಿಡಿದು ಜೋಳದ ಕಾಳಿನ ಒಳಗಿನಷ್ಟು. ಒಂದೇ ಇರಬಹುದು, ನಾಲ್ಕಾರು ಸಾಲಾಗಿ ಇರಬಹುದು. ಬಿಳುಪು ಅಥವಾ ತೆಳು ಹಳದಿ ಬಣ್ಣ, ನೋವಿಲ್ಲ. ಒಳಗಿರುವುದು ಹಾಲೂ ಅಲ್ಲ, ಕೀವೂ ಅಲ್ಲ. ನಮ್ಮ ಉಗುರು ಕೂದಲುಗಳಲ್ಲಿರುವ ಕೆರಟಿನ್ ಎಂಬ ವಸ್ತು.

ಅದು ಅಲ್ಲಿಗೆ ಹೇಗೆ ಬಂದಿತೆಂಬುದು ಸ್ವಾರಸ್ಯವಾದ ಸಂಗತಿ. ಮಗು ಗರ್ಭದಲ್ಲಿರುವಾಗ ಅಂಗುಳು ಮೊದಲಿನಿಂದಲೂ ಒಂದೇ ಹಲಗೆಯಾಗಿರುವುದಿಲ್ಲ. ಎಡದಿಂದ ಒಂದು, ಬಲದಿಂದ ಒಂದು, ಹೀಗೆ ಎರಡು ಹಲಗೆಗಳು ಬೆಳೆದು ಬಂದು, ಸುಮಾರು 12ನೆಯ ವಾರದ ಹೊತ್ತಿಗೆ ನಡುವೆ ಕೂಡಿಕೊಳ್ಳುತ್ತವೆ. ಎರಡು ಬಟ್ಟೆಗಳನ್ನು ಅಂಚಿಗೆ ಅಂಚು ಸೇರಿಸಿ ಹೊಲಿದಾಗ ಹೊಲಿಗೆಯೊಳಗೆ ಒಂದೆರಡು ನೂಲಿನ ತುಣುಕು ಸಿಕ್ಕಿಕೊಳ್ಳುವುದಿಲ್ಲವೆ? ಅಂತೆಯೇ ಈ ಕೂಡಿಕೆಯ ಗೆರೆಯಲ್ಲಿ ಹೊರಪದರದ ಕೆಲವು ಕಣಗಳು ಸಿಕ್ಕಿಕೊಂಡು ಮುತ್ತುಗಳಾಗುತ್ತವೆ. ವಸಡಿನ ಮೇಲಿರುವುವಾದರೋ, ಹಲ್ಲಿನ ಮೊಳಕೆಗಳನ್ನು ಹುಟ್ಟಿಸಿ ತನ್ನ ಕೆಲಸ ಮುಗಿಸಿದ ಪದರವೊಂದರ ಉಳಿಕೆಗಳು. ಮನೆ ಕಟ್ಟಿ ಮುಗಿದ ಮೇಲೆ ಅಂಗಳದಲ್ಲಿ ಉಳಿದ ನಾಲ್ಕು ಇಟ್ಟಿಗೆಯಂತೆ ಇವು. ಮನೆಯ ದೋಷಕ್ಕೆ ಗುರುತಲ್ಲ, ಮನೆ ಕಟ್ಟಿದ್ದಕ್ಕೆ ಗುರುತು. ದಿನ ತುಂಬದೆ ಹುಟ್ಟಿದ ಮಕ್ಕಳಿಗಿಂತ ದಿನ ತುಂಬಿ ಹುಟ್ಟಿದ ಮಕ್ಕಳಲ್ಲಿಯೇ ಈ ಮುತ್ತುಗಳು ಹೆಚ್ಚಾಗಿ ಕಾಣುತ್ತವೆಯೆಂಬುದನ್ನು ನೆನೆದರೆ ತಾಯಿಯ ಮನಸ್ಸಿಗೆ ಸಮಾಧಾನವಾದೀತು. ಹುಡುಕಿ ನೋಡಿದರೆ ನವಜಾತ ಶಿಶುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಬಾಯಿಯಲ್ಲಿ ಇವು ಸಿಕ್ಕುತ್ತವೆ. ಹೀಗಿರಲು ಇದನ್ನು ರೋಗವೆನ್ನುವುದು ಹೇಗೆ?

ಈ ಸೀಮೆಯ ಕೊಳವೆಬಾವಿಗಳ ನೀರಿನಲ್ಲಿ ಹಲವೆಡೆ ಫ್ಲೋರೈಡ್ ಅಂಶ ಮಿತಿಮೀರಿದೆ. ಅದರಿಂದ ಮಕ್ಕಳ ಹಲ್ಲುಗಳಲ್ಲಿ ಕಲೆ ಬೀಳುವುದನ್ನು ಚಿಂತಾಮಣಿ, ಗೌರಿಬಿದನೂರುಗಳ ಜನರು ಕಣ್ಣಾರೆ ಕಂಡಿದ್ದಾರೆ. ಆದುದರಿಂದ, ಬಸುರಿಯಲ್ಲಿ ಕುಡಿದ ನೀರಿನ ದೋಷವೇ ಕೂಸಿನ ವಸಡಿನಲ್ಲಿ ಕಾಳಾಗಿ ಮೂಡಿತೋ ಎಂಬ ಸಂದೇಹ ಯಾರಿಗಾದರೂ ಬಂದರೆ ಆಶ್ಚರ್ಯವಿಲ್ಲ. ಆ ಸಂದೇಹಕ್ಕೆ ಆಧಾರವಿಲ್ಲ. ನೀರಿನ ತೊಂದರೆ ನಿಜ, ಅದಕ್ಕೆ ಬೇರೆಯೇ ಪರಿಹಾರ ಬೇಕು. ಆದರೆ ಈ ಮುತ್ತುಗಳು ಯಾವ ನೀರನ್ನು ಕುಡಿದ ತಾಯಿಯ ಮಗುವಿನಲ್ಲಿಯೂ ಕಾಣತಕ್ಕವು.

ಇವಕ್ಕೆ ಚಿಕಿತ್ಸೆ ಏನು? ಏನೂ ಇಲ್ಲ. ಹಾಲು ಕುಡಿಯುವಾಗ ಬಾಯಿಯ ತಿಕ್ಕಾಟದಿಂದ ಮೇಲಿನ ತೆಳುಪದರವು ತಾನಾಗಿಯೇ ಒಡೆದು, ಒಳಗಿನ ಪುಡಿ ಉದುರಿ, ಕೆಲವು ವಾರಗಳಲ್ಲಿ, ಹೆಚ್ಚೆಂದರೆ ಕೆಲವು ತಿಂಗಳುಗಳಲ್ಲಿ, ಮುತ್ತು ಇದ್ದ ಗುರುತೂ ಉಳಿಯುವುದಿಲ್ಲ. ಸೂಜಿಯಿಂದ ಚುಚ್ಚುವುದೂ ಉಗುರಿನಿಂದ ಕೀಳುವುದೂ ಉಪ್ಪು ತಿಕ್ಕುವುದೂ ಬರಿಯ ನಿಷ್ಪ್ರಯೋಜನವಲ್ಲ, ಕೆಡುಕಿಗೆ ಕಾರಣ. ಹಸುಗೂಸಿನ ಬಾಯಿಯ ಒಳಪೊರೆ ಬಹಳ ತೆಳುವು. ರೋಗಾಣುಗಳನ್ನು ಎದುರಿಸುವ ಅದರ ಶಕ್ತಿ ಇನ್ನೂ ಬಲಿತಿಲ್ಲ. ದೊಡ್ಡವರಲ್ಲಿ ಎರಡು ದಿನದ ಹುಣ್ಣಾಗಿ ಹೋಗುವುದು ಎಂಟು ದಿನದ ಮಗುವಿನಲ್ಲಿ ರಕ್ತಕ್ಕೆ ಸೇರಿ ಪ್ರಾಣಕ್ಕೆ ಮುಟ್ಟಬಹುದು. ಬಾಯಿ ನೊಂದ ಮಗು ಮೊಲೆಯನ್ನು ಬಿಡುತ್ತದೆ; ಮೊಲೆಯನ್ನು ಬಿಟ್ಟ ಮಗು ಬಹುಬೇಗ ಸೊರಗುತ್ತದೆ.

ಬಿಳಿಗಾರವನ್ನು ಜೇನಿನಲ್ಲಿ ಕಲೆಸಿ ಬಾಯಿಗೆ ಹಚ್ಚುವ ಪದ್ಧತಿ ಕೆಲವೆಡೆ ಉಂಟು. ಬಿಳಿಗಾರ ಹಸುಮಕ್ಕಳಿಗೆ ವಿಷ. ಮರಳಿ ಮರಳಿ ಹಚ್ಚಿದರೆ ಸೆಳವು ಬರುವ ಸಂಭವವುಂಟು. ಜೇನು ನಿರ್ದೋಷವೆಂದು ನಾವು ನಂಬಿದ್ದರೂ, ಅದರಲ್ಲಿ ಇರಬಹುದಾದ ಒಂದು ಬಗೆಯ ರೋಗಾಣುಬೀಜವು ಎಳೆಯ ಕರುಳಿನಲ್ಲಿ ಮೊಳೆತು, ಸ್ನಾಯುಗಳನ್ನು ಸೋಲಿಸುವ ವಿಷವನ್ನು ಹುಟ್ಟಿಸಬಲ್ಲದು. ಆದುದರಿಂದ ಒಂದು ವರ್ಷ ತುಂಬುವವರೆಗೆ ಮಗುವಿಗೆ ಜೇನನ್ನು ನೆಕ್ಕಿಸಬಾರದು. ಪಟ್ಟಣದವರು ನಗಬೇಕಾಗಿಲ್ಲ, ಔಷಧದ ಅಂಗಡಿಯಿಂದ ವಸಡು ಮರಗಟ್ಟಿಸುವ ಮುಲಾಮನ್ನು ತಂದು ಹಚ್ಚುವುದೂ ಇದೇ ಜಾತಿಯ ತಪ್ಪು. ಬೆನ್ಜೊಕೇನ್ ಎಂಬ ವಸ್ತುವಿರುವ ಮುಲಾಮನ್ನು ಎರಡು ವರ್ಷದೊಳಗಿನ ಮಕ್ಕಳ ಬಾಯಿಗೆ ಹಚ್ಚಬಾರದೆಂದು 2018ರಲ್ಲಿ ಅಮೆರಿಕಾ ದೇಶದ ಔಷಧ ನಿಯಂತ್ರಣ ಇಲಾಖೆಯವರು ಎಚ್ಚರಿಸಿದ್ದಾರೆ; ರಕ್ತವು ಪ್ರಾಣವಾಯುವನ್ನು ಒಯ್ಯುವ ಶಕ್ತಿಯನ್ನು ಅದು ಕುಗ್ಗಿಸಬಲ್ಲದು.

ಇಂಥ ಆತುರ ನಮ್ಮ ನಾಡಿನದೊಂದೇ ಅಲ್ಲ. ಯೂರೋಪಿನಲ್ಲಿ 16ನೆಯ ಶತಮಾನದ ಪ್ರಸಿದ್ಧ ಶಸ್ತ್ರವೈದ್ಯ ಆಂಬ್ರಾಸ್ ಪಾರೆಯ ಕಾಲದಿಂದ ಮೂರು ಶತಮಾನಗಳವರೆಗೆ, ಮಗುವಿಗೆ ಜ್ವರ ಬಂದರೂ ಭೇದಿಯಾದರೂ ಹಲ್ಲಿನ ಕಾಟವೆಂದು ತಿಳಿದು, ವಸಡನ್ನು ಚೂರಿಯಿಂದ ಸೀಳುತ್ತಿದ್ದರು. ಸೀಳುತ್ತಿದ್ದವರು ವಿದ್ಯಾವಂತರಾದ ವೈದ್ಯರೇ. ಪೂರ್ವ ಆಫ್ರಿಕದ ಕೆಲವು ಭಾಗಗಳಲ್ಲಿ, ವಸಡಿನೊಳಗಿನ ಎಳೆಯ ಹಲ್ಲಿನ ಮೊಳಕೆಯನ್ನು ಹುಳುವೆಂದು ಬಗೆದು ಕಿತ್ತುತೆಗೆಯುವ ಪದ್ಧತಿ ನಮ್ಮ ಕಾಲದವರೆಗೂ ಉಳಿದು ಬಂದಿದೆ. ಅದರಿಂದ ಮಕ್ಕಳು ಸತ್ತುದೂ ಉಂಟು. ಏನಾದರೂ ಮಾಡಲೇಬೇಕೆಂಬ ಹಂಬಲಕ್ಕೆ ದೇಶಭೇದವಿಲ್ಲ, ವಿದ್ಯಾಭೇದವೂ ಇಲ್ಲ.

ಇಷ್ಟು ಹೇಳಿದ ಮೇಲೆ, ನಿಜವಾದ ಹಲ್ಲೇ ಇದ್ದರೆ ಏನು ಮಾಡಬೇಕೆಂದು ನೀವು ಕೇಳಬಹುದು. ಅಂಥದೂ ಉಂಟು. ಸುಮಾರು 2000ದಿಂದ 3000 ಮಕ್ಕಳಿಗೆ ಒಂದು ಮಗು ಹುಟ್ಟುವಾಗಲೇ ಹಲ್ಲನ್ನು ಹೊತ್ತು ಬರುತ್ತದೆ. ಇನ್ನು ಕೆಲವು ಮಕ್ಕಳಿಗೆ ಮೊದಲನೆಯ ತಿಂಗಳಿನೊಳಗೆ ಹಲ್ಲು ಮೂಡುತ್ತದೆ. ಬಹುಮಟ್ಟಿಗೆ ಇದು ಕೆಳವಸಡಿನ ನಡುವಣ ಬಾಚಿಹಲ್ಲು. ಫ್ರಾನ್ಸ್ ದೇಶದ ದೊರೆ 14ನೆಯ ಲೂಯಿ 1638ರಲ್ಲಿ ಹಲ್ಲಿನೊಡನೆಯೇ ಹುಟ್ಟಿದನೆಂದು ಪ್ರಸಿದ್ಧಿ. ರೋಮಿನ ಸೇನಾನಿ ಮಾನಿಯುಸ್ ಕುರಿಯುಸನಿಗೆ ‘ಡೆಂಟಾಟುಸ್’, ಎಂದರೆ ಹಲ್ಲುಳ್ಳವನು, ಎಂಬ ಬಿರುದು ಬಂದುದು ಹೀಗೆಯೇ ಎಂದು ಪ್ಲಿನಿ ಬರೆದಿದ್ದಾನೆ. ನಮ್ಮ ಕಾಶ್ಯಪ ಸಂಹಿತೆಯಾದರೋ ಹಲ್ಲಿನೊಡನೆ ಹುಟ್ಟುವುದನ್ನು ಅಮಂಗಳವೆಂದೇ ಎಣಿಸಿದೆ. ಒಂದು ದೇಶದಲ್ಲಿ ಬಿರುದಾದುದು ಇನ್ನೊಂದು ದೇಶದಲ್ಲಿ ಅಪಶಕುನವಾಯಿತು. ಹಲ್ಲು ಮಾತ್ರ ಎರಡೂ ಕಡೆಗಳಲ್ಲಿ ಒಂದೇ. ಸೋದರಮಾವಂದಿರ ಆಯುಷ್ಯಕ್ಕೂ ಸೊಸೆಯ ಹಲ್ಲಿಗೂ ಯಾವ ಸಂಬಂಧವೂ ಇಲ್ಲವೆಂದು ಧೈರ್ಯವಾಗಿ ಹೇಳಬಹುದು.

ಮುತ್ತಿಗೂ ಹಲ್ಲಿಗೂ ವ್ಯತ್ಯಾಸವನ್ನು ತಿಳಿಯುವುದು ಕಷ್ಟವಲ್ಲ. ಮುತ್ತು ದುಂಡಗೆ, ನುಣುಪಾಗಿ, ವಸಡಿನ ಪೊರೆಯೊಳಗೆ ಹುದುಗಿರುತ್ತದೆ. ಹಲ್ಲಿಗೆ ಅಂಚು ಇರುತ್ತದೆ, ಕೆಲವೊಮ್ಮೆ ಅಲುಗಾಡುತ್ತದೆ. ಹಲ್ಲೆಂದು ಕಂಡುಬಂದರೂ ಕೀಳಿಸಲು ಓಡಬಾರದು. ಏಕೆಂದರೆ ಇಂಥ ಹಲ್ಲುಗಳಲ್ಲಿ ಹೆಚ್ಚಿನವು ಅವಸರದಿಂದ ಬಂದ ಹಾಲುಹಲ್ಲುಗಳೇ ಹೊರತು ಹೆಚ್ಚುವರಿ ಹಲ್ಲುಗಳಲ್ಲ. ಕಿತ್ತರೆ ಆ ಸ್ಥಳದಲ್ಲಿ ಇನ್ನೊಂದು ಹಾಲುಹಲ್ಲು ಬರುವುದಿಲ್ಲ, ಆರೇಳು ವರ್ಷದವರೆಗೆ ಸಂದಿಯೇ ಉಳಿಯುತ್ತದೆ. ಗಟ್ಟಿಯಾಗಿ ನಿಂತಿದ್ದು, ತಾಯಿಗೂ ಮಗುವಿಗೂ ತೊಂದರೆಯಿಲ್ಲದಿದ್ದರೆ ಹಲ್ಲನ್ನು ಹಾಗೆಯೇ ಬಿಡತಕ್ಕದ್ದು. ಅದರ ಅಂಚು ನಾಲಗೆಯ ಕೆಳಭಾಗಕ್ಕೆ ಉಜ್ಜಿ ಹುಣ್ಣಾಗುವುದುಂಟು. ಇದನ್ನು ಇಟಲಿಯ ರೀಗಾ ಮತ್ತು ಫೇಡೆ ಎಂಬ ಇಬ್ಬರು ವೈದ್ಯರು 19ನೆಯ ಶತಮಾನದ ಕೊನೆಯಲ್ಲಿ ವರ್ಣಿಸಿದರು. ಆಗ ದಂತವೈದ್ಯರು ಅಂಚನ್ನು ನಯಗೊಳಿಸಿ ಅಥವಾ ಮೇಲೆ ಲೇಪವನ್ನಿಟ್ಟು ಸರಿಪಡಿಸುತ್ತಾರೆ. ಹಲ್ಲು ಬಹಳ ಸಡಿಲವಾಗಿದ್ದು, ಕಳಚಿ ಉಸಿರುನಾಳಕ್ಕೆ ಬಿದ್ದೀತೆಂಬ ಶಂಕೆಯಿದ್ದರೆ ಮಾತ್ರ ಅದನ್ನು ತೆಗೆಯಬೇಕು. ಅದಕ್ಕೆ ಮುಂಚೆ ಮಗುವಿಗೆ ಹುಟ್ಟಿದಾಗ ವಿಟಮಿನ್ ಕೆ ಚುಚ್ಚುಮದ್ದು ಕೊಟ್ಟಿದ್ದಾರೆಯೇ ಎಂಬುದನ್ನು ವೈದ್ಯರು ವಿಚಾರಿಸುತ್ತಾರೆ. ಆ ವಿಟಮಿನ್ನು ಸಾಲದಿದ್ದರೆ ಹಸುಮಕ್ಕಳ ರಕ್ತ ಬೇಗ ಹೆಪ್ಪುಗಟ್ಟುವುದಿಲ್ಲ. ದಾರ ಕಟ್ಟಿ ಎಳೆದೋ ಬೆರಳಿನಿಂದ ಕಿತ್ತೋ ಮನೆಯಲ್ಲಿಯೇ ಹಲ್ಲು ತೆಗೆಯುವುದು ಎಷ್ಟು ಅನರ್ಥಕಾರಿಯೆಂಬುದು ಇದರಿಂದ ಸ್ಪಷ್ಟವಾಗುವುದು.

ಇನ್ನು ಬಹು ಅಪರೂಪವಾದ, ಆದರೆ ಕಂಡವರನ್ನು ಬೆಚ್ಚಿಬೀಳಿಸುವ ಬೆಳೆವಣಿಗೆಯೊಂದುಂಟು. ಮಗು ಹುಟ್ಟುವಾಗಲೇ ವಸಡಿನಿಂದ ತೊಟ್ಟಿನಲ್ಲಿ ತೂಗುವ ದ್ರಾಕ್ಷಿಯ ಹಣ್ಣಿನಂತೆ, ನುಣುಪಾದ ಗುಲಾಬಿ ಬಣ್ಣದ ಗೆಡ್ಡೆಯೊಂದು ಹೊರಗೆ ಇಣುಕುತ್ತದೆ. ಜರ್ಮನಿಯ ನಾಯ್ಮನ್ ಎಂಬವರು 1871ರಲ್ಲಿ ಇದನ್ನು ಮೊದಲು ವಿವರಿಸಿದರು. ವೈದ್ಯರು ಇದನ್ನು ಜನ್ಮಜಾತ ಎಪ್ಯುಲಿಸ್ ಎಂದು ಕರೆಯುತ್ತಾರೆ. ಗಂಡುಮಕ್ಕಳಿಗಿಂತ ಹೆಣ್ಣುಮಕ್ಕಳಲ್ಲಿ ಇದು ಎಂಟು ಹತ್ತರಷ್ಟು ಹೆಚ್ಚು. ಕೆಳವಸಡಿಗಿಂತ ಮೇಲುವಸಡಿನಲ್ಲಿ ಹೆಚ್ಚು. ಕೆಲವು ಮಿಲಿಮೀಟರುಗಳಷ್ಟು ಚಿಕ್ಕದಾಗಿರಬಹುದು, ಬಾಯಿ ಮುಚ್ಚದಷ್ಟು ದೊಡ್ಡದೂ ಆಗಿರಬಹುದು. ಈಗಿನ ಕಾಲದಲ್ಲಿ ದೊಡ್ಡ ಗೆಡ್ಡೆಯಾದರೆ ಗರ್ಭದ ಕೊನೆಯ ತಿಂಗಳುಗಳಲ್ಲಿ ಸ್ಕ್ಯಾನಿಂಗಿನಲ್ಲಿಯೇ ಕಾಣುವುದುಂಟು.

ಹೆಣ್ಣುಮಗು ಹೀಗೆ ಹುಟ್ಟಿದಾಗ, ಗ್ರಹಣದಲ್ಲಿ ಹೊರಗೆ ಬಂದೆ, ತಿನ್ನಬಾರದುದನ್ನು ತಿಂದೆ ಎಂದು ತಾಯಿಯನ್ನು ದೂರುವ ಮನೆಗಳು ಇಲ್ಲದಿಲ್ಲ. ತಾಯಿಯ ತಪ್ಪು ಇದರಲ್ಲಿ ಎಳ್ಳಷ್ಟೂ ಇಲ್ಲ. ಮತ್ತೊಂದು ಸಮಾಧಾನದ ಮಾತೆಂದರೆ, ಈ ಗೆಡ್ಡೆ ಕ್ಯಾನ್ಸರ್ ಅಲ್ಲ. ಮುಂದೆಯೂ ಕ್ಯಾನ್ಸರ್ ಆಗುವುದಿಲ್ಲ. ಹುಟ್ಟಿದ ಮೇಲೆ ಸಾಮಾನ್ಯವಾಗಿ ಬೆಳೆಯುವುದೂ ಇಲ್ಲ. ಚಿಕ್ಕದಾಗಿದ್ದು, ಮಗು ಹಾಲು ಕುಡಿಯುವುದಕ್ಕೂ ಉಸಿರಾಡುವುದಕ್ಕೂ ಅಡ್ಡಿಯಿಲ್ಲದಿದ್ದರೆ ವೈದ್ಯರು ಕಾದು ನೋಡಬಹುದು. ತಾನಾಗಿಯೇ ಕುಗ್ಗಿ ಹೋದ ಉದಾಹರಣೆಗಳಿವೆ. ಅಡ್ಡಿಯಿದ್ದರೆ ಶಸ್ತ್ರಚಿಕಿತ್ಸೆಯಿಂದ ತೆಗೆಯುತ್ತಾರೆ. ತೊಟ್ಟನ್ನು ಕತ್ತರಿಸುವ ಈ ಶಸ್ತ್ರಕ್ರಿಯೆ ದೊಡ್ಡದಲ್ಲ. ಆದರೆ ಹಸುಗೂಸಿಗೆ ಅರಿವಳಿಕೆ ಕೊಡುವುದು ಅದರಲ್ಲಿ ಪಳಗಿದವರ ಕೆಲಸವಾದುದರಿಂದ ಮಕ್ಕಳ ಶಸ್ತ್ರವೈದ್ಯರಿರುವ ಆಸ್ಪತ್ರೆಯೇ ಬೇಕು. ತೆಗೆದ ಮೇಲೆ ಮತ್ತೆ ಮೂಡುವುದಿಲ್ಲ; ಮುಂದೆ ಬರುವ ಹಲ್ಲುಗಳಿಗೂ ಸಾಮಾನ್ಯವಾಗಿ ಕುಂದಿಲ್ಲ. ಬೆಳಗ್ಗೆ ನೋಡಲಾರದೆ ಮುಖ ತಿರುಗಿಸಿದವರು ಶಸ್ತ್ರಕ್ರಿಯೆಯಾದ ಸಂಜೆಯೇ ಮಗುವನ್ನು ಎತ್ತಿ ಮುದ್ದಾಡುವಂತೆ ಆಗಬಹುದು.

ನಾಲಗೆಯ ಕೆಳಗೆ ನೀಲಿಯ ಛಾಯೆಯುಳ್ಳ ನೀರ್ಗುಳ್ಳೆಯೂ ಒಮ್ಮೊಮ್ಮೆ ಕಾಣುತ್ತದೆ. ಜೊಲ್ಲಿನ ನಾಳ ಕಟ್ಟಿಕೊಂಡು ಆಗುವುದು ಇದು. ಚಿಕ್ಕದಾದರೆ ಕಾಯಬಹುದು, ಹಾಲಿಗೆ ಅಡ್ಡಿಯಾದರೆ ತೋರಿಸಬೇಕು. ಇಲ್ಲಿ ಇನ್ನೊಂದು ಮಾತು. ಬಾಯಿಯಲ್ಲಿ ಬಿಳುಪಾಗಿ ಕಂಡುದೆಲ್ಲವೂ ಮುತ್ತಲ್ಲ. ಹಾಲಿನ ಕರಣೆ ಒದ್ದೆಯ ಶುಭ್ರವಾದ ಬಟ್ಟೆಯಿಂದ ಮೆಲ್ಲಗೆ ಒರೆಸಿದರೆ ಹೋಗುತ್ತದೆ. ನಾಲಗೆಯ ಮೇಲೂ ಕೆನ್ನೆಯ ಒಳಗೂ ಮೊಸರಿನ ಗಡ್ಡೆಯಂತೆ ಅಂಟಿಕೊಂಡು, ಒರೆಸಿದರೆ ಕೆಂಪಾಗುವ ಬಿಳಿಯ ಬೂಷ್ಟು ಬೇರೆ. ಅದಕ್ಕೆ ಔಷಧ ಉಂಟು, ವೈದ್ಯರು ಕೊಡುತ್ತಾರೆ.

ಹಾಗಾದರೆ ಯಾವಾಗ ಕಾಯಬಾರದು? ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ಬೇಡುತ್ತೇನೆ. ದಿನದಿಂದ ದಿನಕ್ಕೆ ದೊಡ್ಡದಾಗುತ್ತಿರುವ ಗೆಡ್ಡೆ, ಕಪ್ಪು ಅಥವಾ ಕಡುನೀಲಿ ಬಣ್ಣದ ಗೆಡ್ಡೆ, ರಕ್ತ ಸುರಿಯುವುದು, ಮಗು ಮೊಲೆಯನ್ನು ಹಿಡಿಯದಿರುವುದು, ಉಸಿರಾಡುವಾಗ ಸದ್ದು ಬರುವುದು ಅಥವಾ ಎದೆ ಗುಳಿಬೀಳುವುದು, ಜ್ವರ ಅಥವಾ ಮೈ ತಣ್ಣಗಾಗುವುದು. ಇವುಗಳಲ್ಲಿ ಒಂದು ಕಂಡರೂ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಶಿಶುಗಳ ಮೇಲ್ದವಡೆಯಲ್ಲಿ ಬಲು ಬೇಗ ಬೆಳೆಯುವ ಕಪ್ಪುಛಾಯೆಯ ಗೆಡ್ಡೆಯೊಂದುಂಟು. ಅತ್ಯಂತ ವಿರಳವಾದರೂ, ಅದರಲ್ಲಿ ತಡಮಾಡಿದಷ್ಟೂ ನಷ್ಟ.

ಸಹಾಯವು ದೂರದಲ್ಲಿಲ್ಲ. ಆಸ್ಪತ್ರೆಯಲ್ಲಿ ಹೆರಿಗೆಯಾದ ಮಗುವನ್ನು ನೋಡಲು ಆಶಾ ಕಾರ್ಯಕರ್ತೆಯರು 3, 7, 14, 21, 28 ಮತ್ತು 42ನೆಯ ದಿನಗಳಲ್ಲಿ ಮನೆಗೆ ಬರಬೇಕೆಂಬ ಏರ್ಪಾಡಿದೆ. ಅವರು ಬಂದಾಗ ಬಾಗಿಲಲ್ಲಿಯೇ ಮಾತನಾಡಿಸಿ ಕಳುಹಿಸದೆ, ಒಳಗೆ ಕರೆದು, ಮಗುವಿನ ಬಾಯಿಯನ್ನು ತೋರಿಸಿ. ಸಂದೇಹವುಳಿದರೆ ತಾಲ್ಲೂಕು ಆಸ್ಪತ್ರೆಯ ಮಕ್ಕಳ ವೈದ್ಯರನ್ನು ಕಾಣಬಹುದು. ಚಿಕ್ಕಬಳ್ಳಾಪುರದಿಂದ ಬೆಂಗಳೂರು ಸುಮಾರು 60 ಕಿಲೋಮೀಟರು. ಅಲ್ಲಿ 1935ರಲ್ಲಿ ಸ್ಥಾಪಿತವಾದ ವಾಣಿವಿಲಾಸ ಆಸ್ಪತ್ರೆಯೂ, ಇಂದಿರಾಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯೂ, ಸರ್ಕಾರದ ದಂತವೈದ್ಯ ಕಾಲೇಜೂ ಇವೆ. ಹೋಗುವಾಗ ತಾಯಿ ಕಾರ್ಡನ್ನು ಮರೆಯದೆ ಒಯ್ಯಿರಿ. ವಿಟಮಿನ್ ಕೆ ಕೊಟ್ಟರೋ ಇಲ್ಲವೋ ಎಂಬುದನ್ನು ಹೆರಿಗೆಯ ಕಾಗದಗಳಲ್ಲಿ ನೋಡಬೇಕಾಗುತ್ತದೆ. ದಾರಿಯುದ್ದಕ್ಕೂ ತಾಯಿ ಮಗುವಿಗೆ ಹಾಲು ಕೊಡುತ್ತಲೇ ಇರಬೇಕು.

ಕೊನೆಗೆ ಶಿಡ್ಲಘಟ್ಟದ ಆ ಮನೆಗೆ ಮತ್ತೊಮ್ಮೆ ಹೋಗೋಣ. ಹಿತ್ತಿಲ ಕಡೆಯ ಹುಳುವಿನ ಮನೆಗೆ ಆ ಅಜ್ಜಿ ಕೈ ತೊಳೆಯದೆ ಕಾಲಿಡುವುದಿಲ್ಲ. ಹುಳುಗಳು ಜ್ವರಕ್ಕೆ ಕೂತಾಗ, ಎಂದರೆ ಪೊರೆ ಕಳಚುವ ಮುಂಚೆ ತಲೆಯೆತ್ತಿ ಅಲುಗದೆ ನಿಂತಾಗ, ಆಕೆ ಸೊಪ್ಪು ಹಾಕುವುದಿಲ್ಲ, ತಟ್ಟೆಯನ್ನು ಅಲುಗಿಸುವುದಿಲ್ಲ. ಮಕ್ಕಳು ಬೆರಳಿಡಲು ಹೋದರೆ ಗದರಿಸುತ್ತಾಳೆ. ಹೀಗೆ ನಾಲ್ಕು ಜ್ವರಗಳನ್ನು ಕಾಯ್ದರೆ ಗೂಡು ಕೈಗೆ ಬರುತ್ತದೆಂಬುದು ಆಕೆಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕೈಯಿಕ್ಕದೆ ಕಾಯುವುದು ಸೋಮಾರಿತನವಲ್ಲ, ಅದೂ ಸಾಕಣೆಯ ಒಂದು ಭಾಗವೆಂದು ಆಕೆ ಬಲ್ಲಳು. ಆ ತಿಳಿವಳಿಕೆಯನ್ನೇ ಆಕೆ ಹಿತ್ತಿಲಿನಿಂದ ಬಾಣಂತಿಯ ಕೋಣೆಗೆ ತಂದರೆ ಸಾಕು. ತೊಳೆದ ಕೈ, ತಾಯಿಯ ಹಾಲು, ನೋಡುವ ಕಣ್ಣು, ಕೆಲವು ವಾರಗಳ ತಾಳ್ಮೆ: ಮುತ್ತುಗಳಿಗೆ ಬೇಕಾದ ಔಷಧವೆಲ್ಲವೂ ಇಷ್ಟೇ. ಮೊಮ್ಮಗುವಿನ ಮೂರನೆಯ ತಿಂಗಳಿನ ನಗೆಯನ್ನು ನೋಡುವ ಹೊತ್ತಿಗೆ, ಆ ಬಿಳಿಯ ಕಾಳು ಬಲದಲ್ಲಿತ್ತೋ ಎಡದಲ್ಲಿತ್ತೋ ಎಂಬುದು ಮನೆಯಲ್ಲಿ ಯಾರಿಗೂ ನೆನಪಿರಲಾರದು.